ಮಂಜಿನ ಗಿರಿಯಲ್ಲಿ ಮರೆತ ದೀಪ

ಚಿಕ್ಕಮಗಳೂರಿನಿಂದ ಗಿರಿಗೆ ಏರುವ ದಾರಿ ಕಾಫಿ ತೋಟಗಳ ನೆರಳು ದಾಟಿ ಹುಲ್ಲುಬೆಟ್ಟಗಳ ನಡುವೆ ಕಿರಿದಾಗುತ್ತದೆ. ಮೇಲೆ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ. ಮಳೆಗಾಲದಲ್ಲಿ ಇಲ್ಲಿ ಹಗಲಲ್ಲೂ ಮಂಜು ಕವಿಯುತ್ತದೆ. ಮುಂದಿನ ತಿರುವು ಕಾಣದೆ ಚಾಲಕರು ದೀಪ ಹಾಕಿಕೊಂಡೇ ಏರುತ್ತಾರೆ.

ಎಡವಟ್ಟಾಗುವುದು ಇಲ್ಲೇ. ಸೀತಾಳಯ್ಯನಗಿರಿಯ ಬಳಿ ಕಾರು ನಿಲ್ಲಿಸಿ, ಅಜ್ಜಿಯ ಕೈ ಹಿಡಿದು, ಮಕ್ಕಳನ್ನು ಕೂಗುತ್ತಾ ಹೊರಟವರಿಗೆ ದೀಪ ಆರಿಸುವುದು ಮರೆತುಹೋಗುತ್ತದೆ. ಹೊಸ ಕಾರುಗಳು ಸದ್ದು ಮಾಡಿ ಎಚ್ಚರಿಸುತ್ತವೆ, ಹಳೆಯವು ಸುಮ್ಮನಿರುತ್ತವೆ. ಶಿಖರದ ಗುಡಿ ನೋಡಿ ಮೂರು ಗಂಟೆಯ ನಂತರ ಮರಳಿ ಕೀಲಿ ತಿರುಗಿಸಿದರೆ 'ಟಿಕ್' ಎಂಬ ಸದ್ದೊಂದೇ.

ಲೆಕ್ಕ ಸರಳ. 55 ವ್ಯಾಟಿನ ಎರಡು ದೀಪಗಳು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 9 ಆಂಪಿಯರ್ ಸೆಳೆಯುತ್ತವೆ. ಮೂರು ಗಂಟೆಗೆ 27 ಆಂಪಿಯರ್-ಗಂಟೆ. ಚಿಕ್ಕ ಕಾರಿನ ಬ್ಯಾಟರಿಯ ಸಾಮರ್ಥ್ಯ 35 ಎಂದುಕೊಂಡರೆ ಉಳಿದದ್ದು ಬರೀ 8. ಸ್ಟಾರ್ಟರ್ ಮೋಟಾರಿಗೋ ಒಮ್ಮೆಲೇ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಸೋತ ಬ್ಯಾಟರಿಗೆ ಆ ತ್ರಾಣವೆಲ್ಲಿ? ಚಳಿಯಲ್ಲಿ ಒಳಗಿನ ರಾಸಾಯನಿಕ ಕ್ರಿಯೆಯೂ ನಿಧಾನ. ಬ್ಯಾಟರಿ ಹಳೆಯದಾಗಿದ್ದರೆ ಮೂರು ಗಂಟೆಯೂ ಬೇಡ.

ಅಷ್ಟರಲ್ಲಿ ಹೊತ್ತು ಮುಳುಗುತ್ತದೆ. ಅಜ್ಜಿ ಸೆರಗು ಹೊದ್ದು ನಡುಗುತ್ತಾರೆ. ಇಳಿಜಾರಿನಲ್ಲಿ ತಳ್ಳಿ ಎಂಜಿನ್ ಎಬ್ಬಿಸೋಣ ಎಂದು ಯಾರಾದರೂ ಹೇಳುವುದುಂಟು. ಎಂಜಿನ್ ಓಡದಿದ್ದಾಗ ಬ್ರೇಕಿಗೂ ಸ್ಟಿಯರಿಂಗಿಗೂ ಅದರ ನೆರವು ತಪ್ಪುತ್ತದೆ. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಕಣಿವೆ ಇರುವ ದಾರಿಯಲ್ಲಿ ಈ ಸಾಹಸ ಬೇಡವೇ ಬೇಡ.

ಇನ್ನೊಂದು ವಾಹನದ ಬ್ಯಾಟರಿಯಿಂದ ತಂತಿ ಜೋಡಿಸುವುದೇ ಲೇಸು. ಕೆಂಪು ತಂತಿ ಧನಾಗ್ರದಿಂದ ಧನಾಗ್ರಕ್ಕೆ. ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಋಣಾಗ್ರಕ್ಕೆ. ಇನ್ನೊಂದು ತುದಿ ಕೆಟ್ಟು ನಿಂತ ಕಾರಿನ ಎಂಜಿನ್ನಿನ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಕಿಡಿ ತಗುಲಿದರೆ ಸ್ಫೋಟವಾದೀತು.

ಕಾರು ಹೊರಟಿತೆಂದು ಕಥೆ ಮುಗಿಯದು. ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಗಿರಿ ಇಳಿಯುವಷ್ಟು ಹೊತ್ತಿನ ಓಟಕ್ಕೆ ಅದು ಪೂರ್ತಿ ತುಂಬದು. ಊರು ಸೇರಿದೊಡನೆ ಚಾರ್ಜ್ ಮಾಡಿಸಬೇಕು.

ಇಷ್ಟೆಲ್ಲ ಪಾಡಿಗೆ ಮದ್ದು ಒಂದೇ ಒಂದು ನೋಟ. ಕಾರಿನಿಂದ ಇಳಿದ ಮೇಲೆ ಹಿಂತಿರುಗಿ ದೀಪ ನೋಡುವ ಕೆಲಸವನ್ನು ಮನೆಯ ಕಿರಿಯರಿಗೆ ಒಪ್ಪಿಸಿದರೆ ಸಾಕು, ಅವರು ಮರೆಯುವುದಿಲ್ಲ.