ಕುಗ್ಗಿದ ಕಂಠ

ಮೂವತ್ತೈದು ವರ್ಷಕಾಲ ಮಕ್ಕಳಿಗೆ ಸಂಸ್ಕೃತವನ್ನು ಪಾಠ ಹೇಳಿ ವಿಶ್ರಾಂತಿ ಪಡೆದವನು ನಾನು. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನಿಗೂ ಮಹಾಪ್ರಾಣವು ಸ್ಪಷ್ಟವಾಗಿ ಕೇಳಬೇಕೆಂಬುದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹಾಕಿಕೊಟ್ಟ ನಿಯಮ. ಅದನ್ನು ಕಡೆಯವರೆಗೂ ನಡೆಸಿದೆನೆಂಬ ಅಭಿಮಾನವು ನನ್ನಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದ್ದಿತು.

ಎರಡು ವರ್ಷಗಳ ಹಿಂದೆ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಒಂದು ಸಣ್ಣ ಕಲಹವು ಮೊದಲಾಯಿತು. ನಡುಮನೆಯಿಂದ ನಾನು ಕಾಫಿ ಕೇಳಿದರೆ ನನ್ನಾಕೆ ಅಡಿಗೆಮನೆಯಿಂದ, "ಏನೆಂದಿರಿ?" ಎನ್ನುವಳು. "ನಿಮ್ಮ ದನಿಯೇ ಏಳುವುದಿಲ್ಲವಲ್ಲ" ಎಂದು ಅವಳೆಂದರೆ, "ನಿನ್ನ ಕಿವಿಯೇ ಮಂದವಾಗಿದೆ" ಎಂದು ನಾನು ಗದರುವೆನು. ಕೊನೆಗೆ ಅವಳನ್ನು ಕಿವಿಯ ವೈದ್ಯರಲ್ಲಿಗೆ ಕರೆದೊಯ್ದೆನು. ಕಿವಿಯಲ್ಲಿ ಯಾವ ದೋಷವೂ ಇಲ್ಲವೆಂದು ಅವರು ಹೇಳಿದರು. ಆಗಲಾದರೂ ನನಗೆ ನಾಚಿಕೆಯುಂಟಾಯಿತೇ? ಇಲ್ಲ, ಆ ಪರೀಕ್ಷೆಯಲ್ಲಿಯೇ ಸಂದೇಹವುಂಟಾಯಿತು!

ದಸರೆಯ ರಜೆಗೆ ಬಂದ ಮಗಳು ಈ ವ್ಯಾಜ್ಯವನ್ನು ತೀರಿಸಿದಳು. ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟು, "ಅಪ್ಪಾ, ಒಂದು ಶ್ಲೋಕ ಹೇಳಿ" ಎಂದಳು. ಅನಂತರ ಅಷ್ಟೇ ದೂರದಿಂದ ತಾಯಿಯಲ್ಲಿ ನಾಲ್ಕು ಮಾತಾಡಿಸಿದಳು. ಸದ್ದನ್ನಳೆಯುವ ಆ ಸಾಧನವು ತಾಯಿಯ ದನಿಗೆ 62 ಡೆಸಿಬೆಲ್ ಎಂದೂ ನನ್ನ ದನಿಗೆ 52 ಎಂದೂ ತೋರಿಸಿತು. ಹತ್ತರ ಅಂತರವು ಅಲ್ಪವೆಂದು ವಾಚಕರು ಭಾವಿಸಬಾರದು. ಆ ಮಾನದಲ್ಲಿ ಹತ್ತು ಇಳಿದರೆ ಶಬ್ದದ ಶಕ್ತಿಯು ಹತ್ತರಲ್ಲೊಂದು ಪಾಲಿಗೆ ಇಳಿಯುವುದು. ನಾನಾದರೋ ತರಗತಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳಿದೆನೆಂದು ತಿಳಿದಿದ್ದೆನು.

ಮರುವಾರ ನರರೋಗತಜ್ಞರೊಬ್ಬರನ್ನು ಕಂಡೆವು. ಅವರು ನನ್ನ ಬೆರಳುಗಳನ್ನು ಬಡಿಯಿಸಿ, ಮಣಿಕಟ್ಟನ್ನು ತಿರುಗಿಸಿ, ನಾಲ್ಕು ಹೆಜ್ಜೆ ನಡೆಯಿಸಿ, ಒಂದು ಸಾಲು ಬರೆಯಿಸಿದರು. ಸಾಲಿನ ತುದಿಗೆ ಹೋಗುತ್ತ ಅಕ್ಷರಗಳು ಸಾಸಿವೆಯಂತಾಗಿದ್ದುವು. ಬಳಿಕ "ಪ-ತ-ಕ" ಎಂದು ವೇಗವಾಗಿ ಹೇಳಿಸಿದರು. ಓಷ್ಠ, ದಂತ, ಕಂಠ ಎಂದು ಶಿಕ್ಷಾಶಾಸ್ತ್ರದಲ್ಲಿ ನಾನು ಓದಿದ ಸ್ಥಾನಗಳೇ ಅವು. ಎಷ್ಟೋ ಮಕ್ಕಳಿಗೆ ಅವನ್ನು ತಿದ್ದಿದ ನಾಲಗೆಯು ಐದಾರು ಆವೃತ್ತಿಗೆ ತೊಡರಿತು. ಇದು ಪಾರ್ಕಿನ್ಸನ್ ರೋಗವೆಂದು ವೈದ್ಯರು ಮೆಲ್ಲನೆ ತಿಳಿಸಿದರು. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನಿನ ವೈದ್ಯನು ವರ್ಣಿಸಿದ ವ್ಯಾಧಿ. ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಉಂಟುಮಾಡುವ ಕೋಶಗಳು ಕ್ಷಯಿಸುವುದರಿಂದ ಚಲನೆಯು ಮಂದವಾಗುವುದು. ತನ್ನ ದನಿ ತಗ್ಗಿದುದು ರೋಗಿಗೆ ತಿಳಿಯದೆ ಹೋಗುವುದೂ ಉಂಟಂತೆ.

ನಮ್ಮ ಊರಿನ ನಿಮ್ಹಾನ್ಸ್ ವೈದ್ಯರೂ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಕೂಡಿ ಇಂಥ ರೋಗಿಗಳ ದನಿಗಳನ್ನು, ಕನ್ನಡಿಗರ ದನಿಗಳನ್ನೂ, ಮುದ್ರಿಸಿಕೊಂಡು, ರೋಗಿಯ ಮಾತನ್ನು ನಿರೋಗಿಯ ಮಾತಿನಿಂದ ಬೇರ್ಪಡಿಸುವುದನ್ನು ಯಂತ್ರಕ್ಕೆ ಕಲಿಸುತ್ತಿರುವರೆಂದು ಮಗಳು ತಿಳಿಸಿದಳು. ಕೃತಕ ಬುದ್ಧಿಯೆಂಬ ಮಾತಿಗೆ ನಾನು ಬೆದರಿದ್ದುಂಟು. ವಿಚಾರಿಸಿ ನೋಡಿದರೆ ಅದು ನಮ್ಮ ತರ್ಕದ ಅನುಮಾನಕ್ಕೆ ಹತ್ತಿರದ ನೆಂಟ. ಅಡಿಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಮತ್ತೆ ಮತ್ತೆ ಒಟ್ಟಿಗೆ ಕಂಡವನು ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವನು; ಯಂತ್ರವು ಅನೇಕ ದನಿಗಳನ್ನು ಕೇಳಿ ರೋಗವನ್ನು ಊಹಿಸುವುದು. ಆದರೆ ಹೇತುವು ಸವ್ಯಭಿಚಾರವಾಗಬಹುದೆಂದು ತಾರ್ಕಿಕರು ಎಚ್ಚರಿಸಿಲ್ಲವೆ? ನೆಗಡಿಯಿಂದಲೂ ದನಿ ಕುಗ್ಗುವುದು, ಮುಪ್ಪಿನಿಂದಲೂ ಕುಗ್ಗುವುದು, ದುಃಖದಿಂದಲೂ ಕುಗ್ಗುವುದು. ಆದುದರಿಂದ ಯಂತ್ರದ ಅಂಕವನ್ನು ಕಂಡು ವೈದ್ಯರಲ್ಲಿಗೆ ಹೋಗುವುದು ವಿವೇಕ. ಅಂಕವನ್ನೇ ವೈದ್ಯನೆಂದು ನಂಬುವುದು ಅವಿವೇಕ.

ಇಷ್ಟನ್ನು ಹೇಳಿದ ಮೇಲೂ ಒಂದು ತಪ್ಪೊಪ್ಪಿಗೆ ಉಳಿದಿದೆ. ಪ್ರಮಾಣಗಳಲ್ಲಿ ಆಪ್ತವಾಕ್ಯವೂ ಒಂದೆಂದು ಓದಿದವನು ನಾನು. ಆಪ್ತರಲ್ಲಿ ಆಪ್ತಳಾದವಳು ಒಂದು ವರ್ಷ ಕಾಲ ಹೇಳಿದುದನ್ನು ತಳ್ಳಿಹಾಕಿ, ಮೇಜಿನ ಮೇಲಿನ ಉಪಕರಣವು ಅರೆಗಳಿಗೆಯಲ್ಲಿ ಹೇಳಿದುದನ್ನು ಒಪ್ಪಿಕೊಂಡೆನು. ಯಂತ್ರವು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ನನ್ನ ಗರ್ವವು ತಡೆದಿದ್ದ ಮಾತನ್ನು ಒಳಗೆ ಬಿಟ್ಟಿತು, ಅಷ್ಟೆ. ಅದೂ ದೊಡ್ಡ ಉಪಕಾರವೇ. ಒಂದು ವರ್ಷ ಮೊದಲೇ ಅವಳ ಮಾತನ್ನು ಕೇಳಿದ್ದರೆ ಔಷಧವೂ ಅಭ್ಯಾಸವೂ ಅಷ್ಟು ಮೊದಲೇ ಆರಂಭವಾಗುತ್ತಿದ್ದುವು.

ಈಗ ಹೊತ್ತಿಗೆ ಸರಿಯಾಗಿ ಔಷಧ ಸೇವಿಸುತ್ತೇನೆ. ಪ್ರತಿದಿನ ಬೆಳಿಗ್ಗೆ, ಮಾತಿನ ಚಿಕಿತ್ಸೆಯವರು ಕಲಿಸಿದಂತೆ, ಎದೆ ತುಂಬ ಉಸಿರೆಳೆದು "ಆ" ಎಂದು ದೀರ್ಘವಾಗಿ ಗಟ್ಟಿಯಾಗಿ ಹೇಳುತ್ತೇನೆ. ಬಳಿಕ ಹತ್ತು ಶ್ಲೋಕ. ಮೊಬೈಲಿನಲ್ಲಿ ಅಂಕವು ಏರುವುದನ್ನು ನೋಡಿ ಮಗುವಿನಂತೆ ಹಿಗ್ಗುವುದೂ ಉಂಟು. ಆದರೆ ಅದನ್ನು ನೋಡಿ ನಿಲ್ಲಿಸುವುದಿಲ್ಲ. ಅಡಿಗೆಮನೆಯಿಂದ, "ಕೇಳಿಸಿತು" ಎಂಬ ಮಾತು ಬಂದ ಮೇಲೆಯೇ ನನ್ನ ಪಾಠ ಮುಗಿಯುವುದು.