ಮಿರರ್ ಇತ್ತು, ಬ್ಯಾಕಪ್ ಇರಲಿಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ಸೀನಿಯರ್ ಅಕ್ಕ ಒಬ್ಬರು, "ಪ್ರಾಜೆಕ್ಟ್ ಎಲ್ಲ ನಿಮ್ಮ ಸರ್ವರ್‌ನಲ್ಲೇ ಇದೆ ಕಣ್ರೋ, ಏನೂ ಆಗಲ್ಲ ತಾನೇ?" ಅಂತ ಕೇಳಿದ್ರು. "ಎರಡು ಎಸ್‌ಎಸ್‌ಡಿ ಮಿರರ್ ಮಾಡಿದೀವಿ ಅಕ್ಕ, ಒಂದು ಹೋದ್ರೂ ಇನ್ನೊಂದು ಇರುತ್ತೆ" ಅಂತ ನಾವು ಜಂಬದಿಂದ ಹೇಳಿದ್ವಿ. ಎರಡೇ ವಾರದಲ್ಲಿ ಅವರ ಪ್ರಾಜೆಕ್ಟ್ ಹೋಯ್ತು. ಡ್ರೈವ್ ಎರಡೂ ಚೆನ್ನಾಗೇ ಇದ್ವು.

ಲ್ಯಾಬ್ ಮೂಲೆಯಲ್ಲಿ ಧೂಳು ತಿಂತಿದ್ದ ಮೂರು ಡೆಸ್ಕ್‌ಟಾಪ್‌ಗಳಿಗೆ ಪ್ರಾಕ್ಸ್‌ಮಾಕ್ಸ್ ಹಾಕಿ ನಾವು ನಾಲ್ಕು ಜನ ಒಂದು ಕ್ಲಸ್ಟರ್ ಮಾಡಿದ್ವಿ. ಒಂದು ಸಂಜೆ ಬೇಡವಾದ ವರ್ಚುವಲ್ ಮಷಿನ್‌ಗಳನ್ನ ತೆಗೀತಾ ಇದ್ವಿ. 110 ಅಂತ ಹೊಡೆಯೋ ಕಡೆ 101 ಅಂತ ಹೊಡೆದ್ವಿ. ಕೀಬೋರ್ಡ್ ಯಾರ ಕೈಲಿತ್ತು ಅಂತ ಬರೆಯಲ್ಲ, ನಾಲ್ಕೂ ಜನ ಸ್ಕ್ರೀನ್ ನೋಡ್ತಾನೇ ಇದ್ವಿ. ಮಿರರ್ ತನ್ನ ಕೆಲಸ ನಿಷ್ಠೆಯಿಂದ ಮಾಡ್ತು. ಅಳಿಸು ಅಂದಿದ್ದನ್ನ ಎರಡೂ ಡ್ರೈವ್‌ನಲ್ಲಿ ಅಳಿಸಿತು.

ಕೋಡ್ ಅಕ್ಕನ ಲ್ಯಾಪ್‌ಟಾಪ್‌ನಲ್ಲಿತ್ತು. ಮೂರು ವಾರ ಸೆನ್ಸರ್‌ನಿಂದ ಕೂಡಿಟ್ಟ ರೀಡಿಂಗ್ ಎಲ್ಲೂ ಇರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. ರೀಡಿಂಗ್ ಮತ್ತೆ ತೆಗೆಯುವಾಗ ನಾವೇ ಪಾಳಿ ಹಾಕಿಕೊಂಡು ಅವರ ಜೊತೆ ಕೂತ್ವಿ.

ಈ ಸಲ ಹೊಸ ಎಸ್‌ಎಸ್‌ಡಿಗೆ ಡಿಪಾರ್ಟ್‌ಮೆಂಟ್‌ನಿಂದ ಸ್ವಲ್ಪ ದುಡ್ಡು ಸಿಕ್ತು. ಕೊಳ್ಳೋದಕ್ಕೆ ಮುಂಚೆ ಒಂದು ಹಾಳೆ ತಗೊಂಡು, ಏನೇನು ಕೆಡಬಹುದು ಅಂತ ಬರೆದ್ವಿ.

ಮೊದಲನೇದು, ಒಂದು ಡ್ರೈವ್ ಕೆಡಬಹುದು. ಅದಕ್ಕೆ ಮಿರರ್ ಸಾಕು. ಆದ್ರೆ ಮಿರರ್‌ನಲ್ಲಿ ಎರಡೂ ಡ್ರೈವ್ ಮೇಲೆ ಒಂದೇ ಸಮ ಬರವಣಿಗೆ ಬೀಳುತ್ತೆ. ಒಂದೇ ಮಾಡೆಲ್ ಒಂದೇ ದಿನ ಹಾಕಿದ್ರೆ ಎರಡಕ್ಕೂ ಒಟ್ಟಿಗೇ ವಯಸ್ಸಾಗುತ್ತೆ. 1 ಟಿಬಿ ಡ್ರೈವ್‌ಗೆ 600 ಟಿಬಿ ಬರೆಯೋವರೆಗೆ ವಾರಂಟಿ ಅಂದ್ರೆ, 5 ವರ್ಷಕ್ಕೆ ಹಂಚಿದಾಗ ದಿನಕ್ಕೆ ಸುಮಾರು 330 ಜಿಬಿ. ಅದಕ್ಕೇ ಒಂದೊಂದು ಜೋಡಿಯಲ್ಲೂ ಬೇರೆ ಬೇರೆ ಕಂಪನಿ ಡ್ರೈವ್ ಹಾಕೋಣ ಅಂದುಕೊಂಡ್ವಿ.

ಎರಡನೇದು, ಕರೆಂಟ್ ಹೋಗಬಹುದು. ಡೇಟಾ ಸೆಂಟರ್‌ಗೆ ಅಂತ ಮಾಡಿದ ಎಸ್‌ಎಸ್‌ಡಿಗಳಲ್ಲಿ ಕೆಪ್ಯಾಸಿಟರ್ ಇರುತ್ತೆ. ಕರೆಂಟ್ ಹೋದ ಕ್ಷಣ ಕ್ಯಾಶ್‌ನಲ್ಲಿ ಉಳಿದದ್ದನ್ನ ಬರೆದು ಮುಗಿಸೋಕೆ ಅದು ಸಾಕು. ನಮ್ಮ ದುಡ್ಡಿಗೆ ಬರೋ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ. ಹಾಗಾಗಿ ಯುಪಿಎಸ್ ಬೇಕೇ ಬೇಕು.

ಮೂರನೇದು, ಇಡೀ ಮಷಿನ್ ಕೆಡಬಹುದು. ಇಲ್ಲಿ ನಮ್ಮ ಆಸೆ ಇದ್ದಿದ್ದು ಸೆಫ್ ಮೇಲೆ. ಅದು ಸಾಮಾನ್ಯವಾಗಿ ಮೂರು ಪ್ರತಿ ಇಡುತ್ತೆ. ಅಂದ್ರೆ 3 ಟಿಬಿ ಕೊಂಡ್ರೆ ಕೈಗೆ ಸಿಗೋದು 1 ಟಿಬಿ, ಅದನ್ನೂ ಪೂರ್ತಿ ತುಂಬೋ ಹಾಗಿಲ್ಲ. ಜೊತೆಗೆ ಪ್ರತಿ ಬರವಣಿಗೆಯೂ ನೆಟ್‌ವರ್ಕ್ ದಾಟಬೇಕು. ನಮ್ಮ 1 ಗಿಗಾಬಿಟ್ ಸ್ವಿಚ್‌ನಲ್ಲಿ ಸೆಕೆಂಡಿಗೆ ಹೆಚ್ಚಂದ್ರೆ 125 ಎಂಬಿ ಹೋಗುತ್ತೆ, ಮಾಮೂಲಿ ಸಾಟಾ ಎಸ್‌ಎಸ್‌ಡಿಯೇ 500 ಕೊಡುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಅಂತ ಸೆಫ್ ಕೈಬಿಟ್ವಿ. ಎರಡು ಮಷಿನ್‌ನಲ್ಲಿ ಝಡ್‌ಎಫ್‌ಎಸ್ ಮಿರರ್, ಒಂದರಿಂದ ಇನ್ನೊಂದಕ್ಕೆ 15 ನಿಮಿಷಕ್ಕೊಮ್ಮೆ ರೆಪ್ಲಿಕೇಷನ್. ಮಷಿನ್ ಕೆಟ್ರೆ ಕೊನೇ 15 ನಿಮಿಷದ ಕೆಲಸ ಹೋಗಬಹುದು, ಅದಕ್ಕೆ ಒಪ್ಪಿಕೊಂಡ್ವಿ. ಎರಡೇ ಮಷಿನ್ ಇದ್ದು ಒಂದು ಬಿದ್ರೆ ಉಳಿದಿದ್ದಕ್ಕೆ ಬಹುಮತ ಇರಲ್ಲ. ಹಾಗಾಗಿ ಮೂರನೇ ಮಷಿನ್ ವೋಟ್ ಹಾಕೋಕೆ ಇರುತ್ತೆ.

ನಾಲ್ಕನೇ ಸಾಲಿನಲ್ಲಿ ‘ನಾವು’ ಅಂತ ಬರೆದ್ವಿ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಮೇಲಿನ ಮೂರಕ್ಕೂ ಮಾಡಿದ ಯಾವ ಉಪಾಯವೂ ಇದಕ್ಕೆ ಆಗಲ್ಲ. ಮಿರರ್ ಆಗಲಿ, ರೆಪ್ಲಿಕೇಷನ್ ಆಗಲಿ, ನಮ್ಮ ತಪ್ಪನ್ನೂ ಅಷ್ಟೇ ಚೆನ್ನಾಗಿ ಕಾಪಿ ಮಾಡುತ್ತೆ. ಹಾಗಾಗಿ ಒಂದು ಎಸ್‌ಎಸ್‌ಡಿ ಕಡಿಮೆ ಕೊಂಡು, ಆ ದುಡ್ಡಲ್ಲಿ ಎರಡು ದೊಡ್ಡ ಹಾರ್ಡ್‌ಡಿಸ್ಕ್ ತಂದ್ವಿ. ಒಂದು ಮೂರನೇ ಮಷಿನ್‌ನಲ್ಲಿ, ಪ್ರತಿ ರಾತ್ರಿ 2 ಗಂಟೆಗೆ ಬ್ಯಾಕಪ್. ಇನ್ನೊಂದಕ್ಕೆ ವಾರಕ್ಕೊಮ್ಮೆ ಕಾಪಿ ಮಾಡಿ, ವೈರ್ ಕಿತ್ತು, ಬೇರೆ ಬಿಲ್ಡಿಂಗ್‌ನ ಬೀರುವಿನಲ್ಲಿ ಇಡ್ತೀವಿ. ತಿಂಗಳಿಗೊಮ್ಮೆ ಯಾವುದಾದ್ರೂ ಒಂದು ಮಷಿನ್‌ನ ಬ್ಯಾಕಪ್‌ನಿಂದ ಎಬ್ಬಿಸಿ ನೋಡ್ತೀವಿ. ಮೊದಲ ಸಲ ಅದು ಎದ್ದಾಗ ಲ್ಯಾಬ್‌ನಲ್ಲಿ ಚಪ್ಪಾಳೆ ಹೊಡೆದ್ವಿ.

ಮೊನ್ನೆ ಜೂನಿಯರ್ ಒಬ್ಬ ಬಂದು ಅದೇ ಪ್ರಶ್ನೆ ಕೇಳಿದ: "ಏನೂ ಆಗಲ್ಲ ಅಲ್ವಾ ಅಣ್ಣ?"

"ಆಗುತ್ತಪ್ಪ" ಅಂದ್ವಿ. "ಆದ್ರೆ ನಿನ್ನೆ ರಾತ್ರಿ 2 ಗಂಟೆವರೆಗಿನದ್ದು ವಾಪಸ್ ಕೊಡ್ತೀವಿ."