ದೊಡ್ಡಪ್ಪನ ಗಾಡಿ

ಪ್ಲಾಸ್ಟಿಕ್ ಟ್ಯಾಂಕು ಕಟ್ಟುವವರ ಮನೆಯಲ್ಲಿ ಉಳಿಕೆ ಭಾಗಗಳ ಡಬ್ಬಿಯೊಂದು ಇದ್ದೇ ಇರುತ್ತದೆ. ಒಂದೇ ಅಚ್ಚಿನಿಂದ ಕಂಪನಿಯವರು ಮೂರ್ನಾಲ್ಕು ಮಾದರಿ ಮಾರುತ್ತಾರಲ್ಲ, ಹಾಗಾಗಿ ಕಿಟ್ ತಂದರೆ ಅದರಲ್ಲಿ ಎರಡು ಬಗೆಯ ಚಕ್ರ, ಎರಡು ಬಗೆಯ ಮುಚ್ಚಳ, ಬೇಡದ ಪೆಟ್ಟಿಗೆ, ಬೇಡದ ಕೊಕ್ಕೆ ಎಲ್ಲ ಬರುತ್ತವೆ. ಉಳಿದದ್ದನ್ನು ಯಾರೂ ಎಸೆಯುವುದಿಲ್ಲ. ನಮ್ಮದು ತಿಪಟೂರು ಸೀಮೆ. ನನ್ನ ಡಬ್ಬಿ ಅಟ್ಟದ ಮೇಲೆ ಕೊಬ್ಬರಿ ಪಕ್ಕದಲ್ಲಿ ಕೂತಿರುತ್ತದೆ. ಇಲಿಗೆ ಕೊಬ್ಬರಿ ಬೇಕು, ಪ್ಲಾಸ್ಟಿಕ್ ಬೇಡ. ಹಾಗಾಗಿ ಡಬ್ಬಿಗೆ ಇದುವರೆಗೆ ಏನೂ ಆಗಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಇವು ಮಕ್ಕಳು ಎಳೆದಾಡುವ ಆಟಿಕೆಗಳಲ್ಲ. ನಿಜವಾದ ಟ್ಯಾಂಕಿನ ಅಳತೆಯನ್ನು ಎಲ್ಲ ಕಡೆಯೂ ಸಮನಾಗಿ ಕುಗ್ಗಿಸಿ ಮಾಡಿದ ಮಾದರಿಗಳು. ಹೆಚ್ಚಾಗಿ ಸಿಗುವ ಅಳತೆ 1:35, ಅಂದರೆ ನಿಜವಾದದ್ದರ 35ನೇ ಒಂದು ಭಾಗ. ಈ ವಿಚಿತ್ರ ಲೆಕ್ಕ ಬಂದದ್ದು ಜಪಾನಿನ ಶಿಝುವೋಕಾ ಊರಿನ ತಮಿಯಾ ಕಂಪನಿಯಿಂದ. ಅದು ಮೊದಲು ಮರದ ವ್ಯಾಪಾರದ ಕಂಪನಿ. 1960ರ ದಶಕದ ಆರಂಭದಲ್ಲಿ ಅವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಎರಡೂ ಹಿಡಿಸಬೇಕಿತ್ತು. ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿದರು, ಆಮೇಲೆ ಅಳೆದು ನೋಡಿದರೆ 1:35 ಬಂತು. ಇವತ್ತು ಪ್ರಪಂಚದ ಎಷ್ಟೋ ಕಂಪನಿಗಳು ಅದೇ ಅಳತೆಯಲ್ಲಿ ಟ್ಯಾಂಕು ಮಾಡುತ್ತವೆ.

ಒಂದು ಕಿಟ್‌ನ ಭಾಗ ಇನ್ನೊಂದಕ್ಕೆ ಸೇರಿಸಿ ಪೆಟ್ಟಿಗೆಯಲ್ಲಿಲ್ಲದ ಟ್ಯಾಂಕು ಮಾಡುವುದನ್ನು ಕನ್ವರ್ಷನ್ ಅನ್ನುತ್ತಾರೆ. ನಿಜವಾದ ಸೈನ್ಯಗಳೂ ಇದನ್ನೇ ಮಾಡಿವೆ. ನಮ್ಮ ದೇಶದಲ್ಲಿ, ಚೆನ್ನೈ ಹತ್ತಿರದ ಆವಡಿಯಲ್ಲಿ, ವಿಜಯಂತ ಎಂಬ ಟ್ಯಾಂಕು ತಯಾರಾಗುತ್ತಿತ್ತು. ಅದರ ಕೆಳಭಾಗದ ಮೇಲೆ ರಷ್ಯಾದ 130 ಮಿ.ಮೀ. ಫಿರಂಗಿ ಕೂರಿಸಿ ಕ್ಯಾಟಪಲ್ಟ್ ಅಂತ ಮಾಡಿದರು. ಹಳೇ ಟ್ರ್ಯಾಕ್ಟರ್ ಇಂಜಿನ್ನಿಗೆ ಪಂಪು ಜೋಡಿಸುವ ನಮ್ಮ ಬುದ್ಧಿಯೇ ಇದೂ.

ನನಗೆ ಟಿ-55 ಟ್ಯಾಂಕು ಮಾಡಿಕೊಡು ಎಂದು ಕೇಳಿದ್ದು ನಮ್ಮ ಬೀದಿಯ ಏಳನೇ ಕ್ಲಾಸಿನ ಹುಡುಗ. "ನಮ್ಮ ತಾತ ಮಿಲಿಟ್ರೀಲಿ ಓಡಿಸ್ತಿದ್ದ ಟ್ಯಾಂಕು ಬೇಕು ಕಣಣ್ಣ" ಅಂದ. ಅವನ ತಾತ ನನಗೆ ವರಸೆಯಲ್ಲಿ ದೊಡ್ಡಪ್ಪ. ಹದಿನೇಳು ವರ್ಷ ಟ್ಯಾಂಕಿನ ಡ್ರೈವರ್ ಆಗಿದ್ದು, ಪೆನ್ಷನ್ ತಗೊಂಡು ಬಂದು ತೋಟ ನೋಡಿಕೊಂಡಿರುವವರು. ಊರಲ್ಲಿ ಅವರಿಗೆ ಒಳ್ಳೆ ಹೆಸರಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ, ಮಕ್ಕಳು ನಮಸ್ಕಾರ ಅಂದರೂ ಮಾತಿಲ್ಲ. "ಬೇಕಾದ್ದು ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ, ಮಿಲಿಟ್ರಿ ಸೊಕ್ಕು" ಅಂತ ಅರಳಿಕಟ್ಟೆಯ ಮೇಲೆ ತೀರ್ಪಾಗಿ ಬಹಳ ವರ್ಷ ಆಗಿತ್ತು. ಮನೆಯಲ್ಲೂ ಸೊಸೆಗೂ ಅವರಿಗೂ ಮಾತು ಕಡಿಮೆ.

ನನ್ನ ಹತ್ತಿರ ಅರ್ಧ ಕಟ್ಟಿದ ಟಿ-55 ಕಿಟ್ ಒಂದಿತ್ತು. ಬೆಂಗಳೂರಿನ ಗೆಳೆಯ ಬೇಸರವಾಗಿ ಕೈಬಿಟ್ಟು ಕೊಟ್ಟದ್ದು. ಒಂದು ಕಡೆಯ ಪಟ್ಟಿ ಕಾಣೆ, ಹಿಂದಿನ ಡೀಸೆಲ್ ಡ್ರಮ್ಮುಗಳು ಕಾಣೆ. ಪಟ್ಟಿ ಅಂದರೆ ಚಕ್ರಗಳ ಸುತ್ತ ತಿರುಗುವ ಕಬ್ಬಿಣದ ಟ್ರ್ಯಾಕು. ಅದು ಸುಲಭವಾಗಿ ಸಿಕ್ಕಿತು, ಯಾಕೆಂದರೆ ಟಿ-62ಕ್ಕೂ ಅದೇ ಪಟ್ಟಿ, ನನ್ನ ಡಬ್ಬಿಯಲ್ಲಿ ಒಂದು ಜೊತೆ ಇತ್ತು. ಎರಡನ್ನೂ ಗುರುತಿಸಬೇಕಾದರೆ ಚಕ್ರ ನೋಡಿ. ಎರಡಕ್ಕೂ ಒಂದೊಂದು ಬದಿಗೆ ಐದೈದು ಚಕ್ರ. ಮೊದಲನೇ ಮತ್ತು ಎರಡನೇ ಚಕ್ರದ ನಡುವೆ ಜಾಗ ಹೆಚ್ಚಿದ್ದರೆ ಅದು ಟಿ-55.

ಡ್ರಮ್ಮಿಗೆ ಲೆಕ್ಕ ಹಾಕಿದೆ. 200 ಲೀಟರಿನ ಡ್ರಮ್ಮು 1:35ರಲ್ಲಿ ಸುಮಾರು 16 ಮಿ.ಮೀ. ದಪ್ಪ. ಶಾಲೆಯ ಖಾಲಿ ಬೋರ್ಡ್ ಮಾರ್ಕರ್ ಪೆನ್ನು ಕತ್ತರಿಸಿದರೆ ಹೊಂದಿಕೆಯಾಯಿತು. ಎಳೆಯುವ ಕೇಬಲ್ಲಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿ ಹೊಸೆದೆ. ಕೆಸರಲ್ಲಿ ಹೂತರೆ ಪಟ್ಟಿಗೆ ಕೊಡಲು ಟ್ಯಾಂಕಿನ ಹಿಂದೆ ಒಂದು ಮರದ ದಿಮ್ಮಿ ಕಟ್ಟಿರುತ್ತಾರೆ, ಅದಕ್ಕೆ ಒಣಗಿದ ತೊಗರಿ ಕಡ್ಡಿ ಆಯಿತು. ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಬಿಸಿ ಮಾಡಿ ಎಳೆದರೆ ಕೂದಲಿನಷ್ಟು ತೆಳ್ಳಗೆ ಬರುತ್ತದೆ, ಅದೇ ವೈರ್‌ಲೆಸ್ ಆಂಟೆನಾ.

ಮುಖ್ಯ ಕೆಲಸ ಇದ್ದದ್ದು ಗನ್ನಿನಲ್ಲಿ. ರಷ್ಯಾದಿಂದ ಬಂದ ಟಿ-55ರ ಗನ್ನು 100 ಮಿ.ಮೀ. ವಿಜಯಂತದ್ದು 105 ಮಿ.ಮೀ., ಬ್ರಿಟಿಷರ ವಿನ್ಯಾಸ. ನಮ್ಮ ಸೈನ್ಯ ಎಷ್ಟೋ ಟಿ-55ಗಳಿಗೆ ಹಳೇ ಗನ್ನು ತೆಗೆದು 105 ಮಿ.ಮೀ. ಗನ್ನು ಹಾಕಿತು. ವ್ಯತ್ಯಾಸ ದೂರದಿಂದಲೇ ಕಾಣುತ್ತದೆ. ಗುಂಡು ಹೊಡೆದ ಮೇಲೆ ಹೊಗೆ ಒಳಗಿನವರ ಕಡೆ ಬರದಂತೆ ನಳಿಗೆಗೆ ಒಂದು ದಪ್ಪ ಉಬ್ಬು ಇರುತ್ತದೆ. ರಷ್ಯಾದ 100 ಮಿ.ಮೀ.ಗೆ ಆ ಉಬ್ಬು ತುದಿಯಲ್ಲಿ, 105ಕ್ಕೆ ನಡುವೆ. ನಿಮ್ಮೂರ ಕಡೆ ಎಲ್ಲಾದರೂ ಸ್ಮಾರಕವಾಗಿ ಟ್ಯಾಂಕು ನಿಲ್ಲಿಸಿದ್ದರೆ ಈ ಉಬ್ಬು ನೋಡಿ, ಅದರ ಕಥೆ ಅರ್ಧ ತಿಳಿಯುತ್ತದೆ.

ಕಿಟ್‌ನಲ್ಲಿ ಬಂದದ್ದು 100 ಮಿ.ಮೀ. ನಳಿಗೆ. ಡಬ್ಬಿಯಲ್ಲಿ ಸೆಂಚೂರಿಯನ್ ಟ್ಯಾಂಕಿನ 105 ಮಿ.ಮೀ. ನಳಿಗೆ ಒಂದಿತ್ತು. ಅದರ ಬುಡ ಕತ್ತರಿಸಿ, ಒಳಗೆ ಗಟ್ಟಿ ತಂತಿ ತೂರಿಸಿ ಟಿ-55ರ ಬುಡಕ್ಕೆ ಕೂಡಿಸಿದೆ. ಸಂದಿಗೆ ಪ್ಲಾಸ್ಟಿಕ್ ಚೂರುಗಳನ್ನು ಕಿಟ್ ಅಂಟಿನಲ್ಲಿ ಕರಗಿಸಿ ಮೆತ್ತಿ, ಒಣಗಿದ ಮೇಲೆ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದೆ. ಈ ಅಂಟಿನ ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ಅದರ ಹಬೆ ತಲೆಗೆ ಹತ್ತುತ್ತದೆ.

ಬಣ್ಣ ಹೊಡೆದು ತಗೊಂಡು ಹೋದ ಸಂಜೆ ದೊಡ್ಡಪ್ಪ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ತಿರುಗಿಸಿದರು. ನಳಿಗೆಯ ಉಬ್ಬಿನ ಮೇಲೆ ಉಗುರು ಇಟ್ಟು "ಸರ್ಯಾಗದೆ ಕಣ್ಲಾ" ಅಂದರು. ಹುಡುಗ ಓಡಿಹೋಗಿ ತೋಟದಿಂದ ಕೆಮ್ಮಣ್ಣು ತಂದ, ಚಕ್ರಕ್ಕೆ ಮೆತ್ತೋಣ ಅಂತ. ತಾತ ಅವನ ಕೈ ಹಿಡಿದರು. "ಇದು ನಮ್ಮೂರ ಮಣ್ಣು. ನನ್ ಗಾಡಿ ನಮ್ಮೂರಿಗೆ ಯಾವತ್ ಬಂದಿತ್ತು?" ಟ್ಯಾಂಕನ್ನು ಅವರು ಗಾಡಿ ಅಂತಲೇ ಕರೆಯುವುದು. ಅವರ ಗಾಡಿ ಓಡಿದ್ದು ರಾಜಸ್ಥಾನದ ಮರಳಿನಲ್ಲಿ. ಬಿಳಿ ಚಾಕ್ ಪುಡಿಗೆ ಹಳದಿ ಚಾಕು, ಚಿಟಿಕೆ ಇಟ್ಟಿಗೆ ಪುಡಿ ಸೇರಿಸಿ ಅವರೇ ಬಣ್ಣ ನೋಡಿ ಸಾಕು ಅಂದರು. ಮಸಿ ಎಲ್ಲಿ ಬಳಿಯಬೇಕು ಅಂತಲೂ ತೋರಿಸಿದರು. ಈ ಟ್ಯಾಂಕಿನ ಹೊಗೆ ಬರುವುದು ಎಡಗಡೆ ಮಡ್‌ಗಾರ್ಡ್ ಮೇಲಿಂದ.

ಆಮೇಲೆ ಹುಡುಗ ಕೇಳಿದ, "ನೀನು ಎಲ್ಲಿ ಕೂರ್ತಿದ್ದೆ ತಾತ?" ತಾತನಿಗೆ ಕೇಳಿಸಲಿಲ್ಲ. ಅವನು ಗಾಡಿಯ ಮುಂಭಾಗಕ್ಕೆ ಬೆರಳಿಟ್ಟು ಮತ್ತೆ ಕೇಳಿದ. ಅವರು ಎಡಗಡೆಯ ಚಿಕ್ಕ ಮುಚ್ಚಳ ತೋರಿಸಿದರು. ಟಿ-55ರಲ್ಲಿ ನಾಲ್ಕು ಜನ. ಮೂವರು ಮೇಲಿನ ಗೋಪುರದಲ್ಲಿ, ಡ್ರೈವರ್ ಒಬ್ಬನೇ ಮುಂದೆ ಕೆಳಗೆ, ಎರಡು ಕಬ್ಬಿಣದ ಲಿವರ್ ಹಿಡಿದು. 36 ಟನ್ ತೂಕದ ಗಾಡಿಗೆ ಸ್ಟೇರಿಂಗ್ ಚಕ್ರ ಇಲ್ಲ. ಎಡ ಲಿವರ್ ಎಳೆದರೆ ಎಡಕ್ಕೆ, ಬಲ ಎಳೆದರೆ ಬಲಕ್ಕೆ. ಹಿಂದೆ ಹನ್ನೆರಡು ಸಿಲಿಂಡರಿನ, 580 ಅಶ್ವಶಕ್ತಿಯ ಡೀಸೆಲ್ ಇಂಜಿನ್.

"ಗನ್ ಮುಂದಕ್ಕೆ ತಿರುಗಿದ್ರೆ ನಳಿಗೆ ಇಲ್ಲೇ," ಅಂತ ಅವರು ತಮ್ಮ ತಲೆ ಮೇಲೆ ಗೇಣು ಇಟ್ಟು ತೋರಿಸಿದರು. "ಹೊಡೆದ್ರೆ ಕಿವೀಲಲ್ಲ, ಎದೇಲಿ ಕೇಳ್ತಿತ್ತು. ಕಿವಿಗೆ ಟೋಪಿ ಇತ್ತು. ಆದ್ರೂ ರಾತ್ರಿಯೆಲ್ಲ ಒಳಗೆ ಜೀರುಂಡೆ ಕೂಗ್ದಂಗೆ. ಈಗ್ಲೂ ಕೂಗ್ತದೆ."

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಸೊಸೆ ಅತ್ತಿಗೆ ಅಲ್ಲೇ ನಿಂತುಬಿಟ್ಟರು. "ಯಾವ ಜೀರುಂಡೆ ಮಾವ? ಯಾವತ್ತೂ ಹೇಳ್ಲಿಲ್ವಲ್ಲ?" ದೊಡ್ಡಪ್ಪ ನನ್ನ ಮುಖ ನೋಡಿದರು. ಅತ್ತಿಗೆ ಏನೋ ಅಂದದ್ದು ಗೊತ್ತಾಗಿದೆ, ಏನಂದರು ಅನ್ನುವುದು ಗೊತ್ತಾಗಿಲ್ಲ. ನಾನು ಮತ್ತೆ ಹೇಳಿದೆ. "ಯಾರು ಕೇಳಿದ್ರು?" ಅಂದರು.

ಹದಿನೈದು ದಿನದೊಳಗೆ ಮಗ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕಿವಿ ಪರೀಕ್ಷೆ ಮಾಡಿ ಒಂದು ಗೆರೆ ಚಿತ್ರ ಕೊಟ್ಟರು. ದಪ್ಪ ಸದ್ದಿನ ಕಡೆ ಗೆರೆ ಚೆನ್ನಾಗಿದೆ, ಸಣ್ಣ ಕೀಚು ಸದ್ದಿನ ಕಡೆ ಹೋಗ್ತಾ ಹೋಗ್ತಾ ಬಾವಿಗೆ ಇಳಿದ ಹಾಗೆ ಇಳಿದುಬಿಟ್ಟಿದೆ. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿ ಇದ್ದವರಿಗೆ ಹೀಗೆ ಆಗುತ್ತದೆ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಸ್ಸು ಬಂದದ್ದು ಕೇಳುತ್ತದೆ, ಗಂಡಸರ ದಪ್ಪ ದನಿ ಅಷ್ಟಿಷ್ಟು ಕೇಳುತ್ತದೆ. ಹೆಂಗಸರ, ಮಕ್ಕಳ ದನಿ ಕೇಳಿದರೂ ಮಾತು ಬಿಡಿಯಾಗಿ ತಿಳಿಯುವುದಿಲ್ಲ. ಬೇಕಾದ್ದು ಕೇಳಿಸುತ್ತೆ ಬೇಡದ್ದು ಕೇಳಿಸಲ್ಲ ಅನ್ನುವ ಊರ ಮಾತು ಕಣ್ಣಿಗೆ ಕಂಡಷ್ಟರ ಮಟ್ಟಿಗೆ ನಿಜವೇ. ಅದಕ್ಕೆ ಊರು ಕೊಟ್ಟ ಕಾರಣ ಮಾತ್ರ ಬೇರೆ ಇತ್ತು.

ಈಗ ಅವರು ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ. ತೋಟಕ್ಕೆ ಹೋಗುವಾಗ ತೆಗೆದಿಡುತ್ತಾರೆ, ಬೆವರು ಹತ್ತುತ್ತೆ ಅಂತ. ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಜೀರುಂಡೆ ಇನ್ನೂ ಕೂಗುತ್ತದೆ. ಆದರೆ ಅತ್ತಿಗೆ ಹಿಂದಿನಿಂದ ಕೂಗುವುದು ಬಿಟ್ಟು ಎದುರಿಗೆ ಬಂದು ನಿಂತು ನಿಧಾನವಾಗಿ ಮಾತಾಡುತ್ತಾರೆ. ಕಿರುಚಿದರೆ ಉಪಯೋಗವಿಲ್ಲ, ತುಟಿ ಕಾಣಬೇಕು ಅಂತ ಮೈಸೂರಲ್ಲಿ ಹೇಳಿಕೊಟ್ಟಿದ್ದರು.

ಟ್ಯಾಂಕು ಅವರ ಮನೆಯ ಟಿವಿ ಪಕ್ಕ ಇದೆ. ಆಮೇಲೆ ಅದಕ್ಕೊಬ್ಬ ಡ್ರೈವರನ್ನೂ ಮಾಡಿದೆ. ಜರ್ಮನ್ ಸೈನಿಕರ ಕಿಟ್‌ನ ಒಂದು ಮುಂಡಕ್ಕೆ ಎಂ-ಸೀಲ್‌ನಲ್ಲಿ ಕಿವಿ ಮುಚ್ಚುವ ಟೋಪಿ ಮಾಡಿ, ಮುಖಕ್ಕೆ ನಮ್ಮ ಬಣ್ಣ ಹಚ್ಚಿ ಎಡಗಡೆಯ ಮುಚ್ಚಳದಿಂದ ತಲೆ ಹೊರಗೆ ಕಾಣುವಂತೆ ಕೂರಿಸಿದೆ. ಮನೆಗೆ ಬಂದವರು ಮೊದಲು ಗನ್ನು ನೋಡುತ್ತಾರೆ. ಹುಡುಗ ಅವರ ಬೆರಳು ಹಿಡಿದು ಆ ತಲೆಯ ಹತ್ತಿರ ತರುತ್ತಾನೆ.

ನಿಮ್ಮೂರಲ್ಲೂ ಫ್ಲೋರ್ ಮಿಲ್ಲಿನಲ್ಲಿ, ಕ್ರಷರಿನಲ್ಲಿ, ಟ್ರ್ಯಾಕ್ಟರ್ ಮೇಲೆ, ಮಿಲಿಟರಿಯಲ್ಲಿ ಕೆಲಸ ಮಾಡಿ ಬಂದು ಈಗ ಕರೆದರೆ ತಿರುಗದವರು ಯಾರಾದರೂ ಇರಬಹುದು. ಸೊಕ್ಕು ಅನ್ನುವ ಮೊದಲು ಅವರ ಎದುರಿಗೆ ಹೋಗಿ ನಿಂತು ಒಮ್ಮೆ ಮಾತಾಡಿಸಿ ನೋಡಿ.